ಸ್ಟ್ಯಾಟಿನ್ ಬರೆಯುವ ಮೊದಲು

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯುವ ಮೊದಲು, ಅವರು ಮನೆಯಿಂದ ತಂದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ನೋಡುವುದು ಮೂತ್ರಪಿಂಡ ತಜ್ಞನಾಗಿ ನಾನು ರೂಢಿಸಿಕೊಂಡಿರುವ ಪದ್ಧತಿ. ಅದಕ್ಕೆ ಕಾರಣರಾದವರು ದೇಹ ಕಸಿಯನ್ನು ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಸೇವಿಸುತ್ತಿದ್ದ ಒಬ್ಬ ರೈತರು. ಕೆಮ್ಮಿಗೆಂದು ಊರಿನಲ್ಲಿ ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದ ಒಂದು ವಾರದಲ್ಲಿ ಅವರಿಗೆ ತೊಡೆ ನೋವು ಶುರುವಾಗಿ, ಮೆಟ್ಟಿಲು ಹತ್ತಲಾಗದಷ್ಟು ನಿಶ್ಶಕ್ತಿಯಾಗಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಿಡ್ನಿಯ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ ಏರಿದ್ದನ್ನು ಕಂಡು, ದೇಹವು ಕಸಿಯನ್ನು ತಿರಸ್ಕರಿಸುತ್ತಿದೆ ಎಂದೇ ನಾನು ಮೊದಲು ಭಾವಿಸಿದೆ. ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಸಿಪಿಕೆಯ ವರದಿ ಬಂದ ಮೇಲೆ ಸ್ನಾಯುಗಳೇ ಒಡೆಯುತ್ತಿವೆ ಎಂಬುದು ತಿಳಿಯಿತು.

ಹಿಂದೆ ನಾನೇ ಅವರಿಗೆ 40 ಮಿ.ಗ್ರಾಂ. ಅಟೋರ್ವಾಸ್ಟ್ಯಾಟಿನ್ ಬರೆದಿದ್ದೆ, ಆ ಪ್ರಮಾಣ ತಪ್ಪಾಗಿತ್ತು. ಸ್ಟ್ಯಾಟಿನ್ ಯಕೃತ್ತಿನ ಕೋಶದೊಳಗೆ ಹೋಗುವ ದಾರಿಯನ್ನು ಸೈಕ್ಲೋಸ್ಪೋರಿನ್ ತಡೆಯುವುದರಿಂದ ಸ್ಟ್ಯಾಟಿನ್ ರಕ್ತದಲ್ಲಿಯೇ ಉಳಿದು ಸ್ನಾಯುಗಳಿಗೆ ಹಾನಿ ಮಾಡಬಹುದು. ಕ್ಲಾರಿಥ್ರೋಮೈಸಿನ್ ಸ್ಟ್ಯಾಟಿನ್ ಅನ್ನು ಒಡೆಯುವ ಕಿಣ್ವವನ್ನೂ ಅಡಗಿಸಿ, ಸೈಕ್ಲೋಸ್ಪೋರಿನ್ ಮಟ್ಟವನ್ನೂ ಏರಿಸಿತು. ಸ್ಟ್ಯಾಟಿನ್ ಮತ್ತು ಕ್ಲಾರಿಥ್ರೋಮೈಸಿನ್ ಎರಡನ್ನೂ ನಿಲ್ಲಿಸಿ, ಡ್ರಿಪ್ ಹಾಕಿ, ಸೈಕ್ಲೋಸ್ಪೋರಿನ್ ಪ್ರಮಾಣ ತಗ್ಗಿಸಿದ ಮೇಲೆ ಕಿಡ್ನಿ ಉಳಿಯಿತು.

ಹಾಗೆಂದು ಕಸಿಯಾದವರಿಗೆ ಸ್ಟ್ಯಾಟಿನ್ ಬೇಡವೆನ್ನಲಾಗದು. ಕಸಿಯನ್ನು ಕಾಪಾಡಲು ಕೊಡುವ ಪ್ರೆಡ್ನಿಸೋಲೋನ್, ಸೈಕ್ಲೋಸ್ಪೋರಿನ್, ಸಿರೋಲಿಮಸ್ ಇವೆಲ್ಲವೂ ರಕ್ತದ ಕೊಬ್ಬನ್ನು ಏರಿಸುತ್ತವೆ, ಈ ಜನರಿಗೆ ಹೃದಯಾಘಾತದ ಅಪಾಯವೂ ಹೆಚ್ಚು. 2003ರಲ್ಲಿ ಪ್ರಕಟವಾದ, 2,102 ಕಸಿ ರೋಗಿಗಳ ಅಲರ್ಟ್ ಅಧ್ಯಯನದಲ್ಲಿ ಫ್ಲುವಾಸ್ಟ್ಯಾಟಿನ್ ಮುಖ್ಯ ಗುರಿಯನ್ನು ಮುಟ್ಟದಿದ್ದರೂ ಹೃದಯ ಸಂಬಂಧಿ ಸಾವು ಮತ್ತು ಹೃದಯಾಘಾತ ಕಡಿಮೆಯಾಗಿದ್ದವು. ಆ ರೈತರು ಚೇತರಿಸಿಕೊಂಡ ಕೆಲವು ತಿಂಗಳ ನಂತರ 5 ಮಿ.ಗ್ರಾಂ. ರೋಸುವಾಸ್ಟ್ಯಾಟಿನ್ ಆರಂಭಿಸಿ, ಆಗಾಗ ಸಿಪಿಕೆ ನೋಡುತ್ತ ಬಂದೆ. ಸೈಕ್ಲೋಸ್ಪೋರಿನ್ ಇರುವಾಗ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಡಯಾಲಿಸಿಸ್‌ನಲ್ಲಿರುವವರ ವಿಚಾರ ಬೇರೆ. ಅವರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿದಿದ್ದರೂ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಸ್ಟ್ಯಾಟಿನ್ ಕೊಟ್ಟು ನೋಡಿದ 2005ರ ಫೋರ್-ಡಿ, 2009ರ ಅರೋರಾ ಅಧ್ಯಯನಗಳಲ್ಲಿ ನಿರೀಕ್ಷಿಸಿದ ಪ್ರಯೋಜನ ಕಾಣದ ಕಾರಣ ಅವರಿಗೆ ಹೊಸದಾಗಿ ಸ್ಟ್ಯಾಟಿನ್ ಆರಂಭಿಸುವುದಿಲ್ಲ. ಮೊದಲಿನಿಂದ ಸೇವಿಸುತ್ತಿದ್ದರೆ ನಿಲ್ಲಿಸುವುದೂ ಇಲ್ಲ.

ಈಗ ಕಸಿ ರೋಗಿಗಳ ಚೀಟಿಯ ಹಿಂಬದಿಯಲ್ಲಿ, ನನ್ನನ್ನು ಕೇಳದೆ ತೆಗೆದುಕೊಳ್ಳಬಾರದ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಫ್ಲುಕೊನಜೋಲ್ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದುಕೊಡುತ್ತೇನೆ. ಆ ರೈತರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡು, ಕೆಮ್ಮಿಗೆ ಔಷಧ ಕೇಳುವಾಗ ಮೊದಲು ಅಂಗಡಿಯವರ ಮುಂದೆ ಹಿಡಿಯುತ್ತಾರೆ.