ನಿಮ್ಮ ಸಂಬಳ ಸರಿಯಿದೆಯಾ? ಲೆಕ್ಕ ಹಾಕುವುದು ಹೀಗೆ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕದ ಅಂಗಡಿಗಳಲ್ಲಿ ದುಡಿಯುವವರಿಗೆ ತಮ್ಮ ಸಂಬಳ ಎಷ್ಟೆಂದು ಗೊತ್ತು. ಸರ್ಕಾರ ಕನಿಷ್ಠ ಕೂಲಿ ಎಷ್ಟೆಂದು ನಿಗದಿ ಮಾಡಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಧಣಿಗೆ ಬೇಕಾದ್ದೂ ಅಷ್ಟೇ, ಅಲ್ವಾ?

ಮೊದಲು ಯಾವ ರಾಜ್ಯದ ದರ ಎಂದು ನೋಡಿ. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿನ ದರ. ಮಂಜೇಶ್ವರದಿಂದ ದಿನಾ ಮಂಗಳೂರಿನ ಅಂಗಡಿಗೆ ಹೋಗುವವರಿಗೆ ಕರ್ನಾಟಕದ ದರ. ಮಂಗಳೂರಿನ ಧಣಿ ಕಾಸರಗೋಡಿನಲ್ಲಿ ಅಂಗಡಿ ಇಟ್ಟರೆ ಅಲ್ಲಿನವರಿಗೆ ಕೇರಳದ ದರ. ರೇಷನ್ ಕಾರ್ಡ್ ಎಲ್ಲಿಯದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಆಮೇಲೆ ನಿಮ್ಮ ಕೆಲಸದ ಪಟ್ಟಿ ಹುಡುಕಿ. ಅಂಗಡಿ, ಹೋಟೆಲು, ಆಸ್ಪತ್ರೆ ಎಲ್ಲಕ್ಕೂ ಬೇರೆ ಬೇರೆ ಅಧಿಸೂಚನೆ ಇರುತ್ತದೆ. ಅದರೊಳಗೂ ಹುದ್ದೆಗೊಂದು ದರ. ಹೆಸರಿಗೆ ‘ಹೆಲ್ಪರ್’ ಎಂದು ಬರೆದು ಬಿಲ್ಲಿಂಗ್ ಮಾಡಿಸುತ್ತಿದ್ದರೆ, ನೋಡಬೇಕಾದ್ದು ನೀವು ಮಾಡುವ ಕೆಲಸವನ್ನು.

ಜಾಸ್ತಿ ಮಂದಿ ಎಡವುವುದು ಮೂರನೆಯ ಹಂತದಲ್ಲಿ. ಕನಿಷ್ಠ ಕೂಲಿ ಎಂದರೆ ಮೂಲ ವೇತನ ಮಾತ್ರ ಅಲ್ಲ, ಅದಕ್ಕೆ ಡಿಎ (ತುಟ್ಟಿಭತ್ಯೆ) ಸೇರಬೇಕು. ಕೇರಳದಲ್ಲಿ ಡಿಎ ಆಯಾ ಜಿಲ್ಲೆಯ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ. ಅಕ್ಕಿ, ಮೀನಿನ ಬೆಲೆ ಏರಿದರೂ ನಿಮ್ಮ ಸಂಬಳ ಎರಡು ವರ್ಷದಿಂದ ಅಲ್ಲೇ ನಿಂತಿದ್ದರೆ ಅನುಮಾನಪಡಿ. ಓವರ್‌ಟೈಮ್ ಬೇರೆ ಲೆಕ್ಕ, ಅದಕ್ಕೆ ದುಪ್ಪಟ್ಟು ದರ.

ಕಡಿಮೆ ಬಿದ್ದಿದೆ ಎಂದು ಕೇಳಿದರೆ ಬರುವ ಉತ್ತರಗಳು ಗೊತ್ತಿರುವವೇ. ‘ವ್ಯಾಪಾರವೇ ಇಲ್ಲ ಮಾರಾಯ್ರೆ.’ ಕೋಝಿಕ್ಕೋಡ್ ಹತ್ತಿರದ ಫೆರೋಕಿನ ಹಂಚಿನ ಕಾರ್ಖಾನೆಯವರು ಇದೇ ಮಾತು ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕನಿಷ್ಠ ಕೂಲಿ ನಿಗದಿ ಮಾಡುವಾಗ ಮಾಲೀಕನಿಗೆ ಕೊಡುವ ಶಕ್ತಿ ಇದೆಯೇ ಎಂದು ನೋಡಬೇಕಿಲ್ಲ ಎಂದು 1961ರಲ್ಲೇ ತೀರ್ಪು ಬಂತು. ‘ಕಡಿಮೆಗೆ ಒಪ್ಪಿ ಸಹಿ ಹಾಕಿದ್ದೀಯಲ್ಲ’ ಎಂಬ ಮಾತಿಗೂ ಬೆಲೆ ಇಲ್ಲ. ಅಂಥ ಒಪ್ಪಂದ ಕಾನೂನಿನ ಮುಂದೆ ನಿಲ್ಲದು.

ಮೂರನೆಯದು ‘ಮುಚ್ಚಿಬಿಡ್ತೇನೆ’. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬೀಡಿ ಕಾರ್ಮಿಕರ 1966ರ ಕಾನೂನನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ, ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಉತ್ತರ ಕೇರಳದಲ್ಲಿ ಕೆಲಸ ನಿಲ್ಲಿಸಿಬಿಟ್ಟವು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಸರ್ಕಾರದ ನೆರವಿನಲ್ಲಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಈ ಪೆಟ್ಟಿನಿಂದಲೇ. ದರ ಬರೆಯುವ ಅಧಿಕಾರ ಸರ್ಕಾರಕ್ಕಿದ್ದರೂ ಎದ್ದು ಹೋಗುವ ಬಲ ಕಂಪನಿಗಿದೆ. ಆದರೆ ಎಲ್ಲರಿಗೂ ಆ ಬಲ ಇಲ್ಲ. ಬೀಡಿ ಎಲೆ, ಹೊಗೆಸೊಪ್ಪು ಲಾರಿಯಲ್ಲಿ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಬಹುದು. ಉಪ್ಪಳದ ಹೋಟೆಲಿನವರು ಗಿರಾಕಿಗಳನ್ನು ಲಾರಿಗೆ ಹತ್ತಿಸಿಕೊಂಡು ಹೋಗುವುದುಂಟೇ?

ಕೊನೆಗೆ ದೂರು. ಬ್ಯಾಂಕ್ ಪಾಸ್‌ಬುಕ್, ಡ್ಯೂಟಿ ಬಗ್ಗೆ ಬಂದ ವಾಟ್ಸ್ಯಾಪ್ ಮೆಸೇಜು, ದಿನದ ಗಂಟೆ ಬರೆದಿಟ್ಟ ಪುಸ್ತಕ ಜೋಡಿಸಿಕೊಳ್ಳಿ. ರಸೀದಿ ಇಲ್ಲವೆಂದು ಹೆದರಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಹಣ ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. 1948ರ ಹಳೆಯ ಕನಿಷ್ಠ ಕೂಲಿ ಕಾನೂನಿನಲ್ಲಿ ಬಾಕಿ ಕೇಳಲು 6 ತಿಂಗಳ ಗಡುವಿತ್ತು, ಹೊಸದರಲ್ಲಿ 3 ವರ್ಷ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸಲೂ ಅವಕಾಶವಿದೆ.

ಮಲಯಾಳಂ ಬರೆಯಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಂತೆ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಲೇಬರ್ ಆಫೀಸಿಗೆ ಹೋಗುವಾಗ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಕು ಹಾಕಿಸಿ, ಸೀಲು ಹೊಡೆಸಿ, ವಾಪಸ್ ಇಟ್ಟುಕೊಳ್ಳಿ.