ಆರ್‌ಎಕ್ಸ್‌ಗೆ ಬಿಪಿ ನೋಡಿದ ಕಥೆ

"ಏನ್ ಸಾರ್, ಗಾಡಿಗೂ ಬಿಪಿ ಬಂತಾ?" ಅಂತ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕಿದ್ದರು. ನಗಲಿ ಬಿಡಿ. ಈಗ ಅದೇ ಗ್ಯಾರೇಜಿನ ಹುಡುಗ ಆಗಾಗ ನಮ್ಮನೆ ಗೇಟಿಗೆ ಬಂದು, "ಅಣ್ಣಾ, ಆ ಬಿಪಿ ಮೀಟರ್ ಒಂದ್ ಗಂಟೆ ಕೊಡ್ಬೇಕಂತೆ" ಅಂತ ನಿಲ್ಲುತ್ತಾನೆ.

ನನ್ನದು 94ರ ಮಾಡೆಲ್ ಯಮಹಾ ಆರ್‌ಎಕ್ಸ್ 100 ಬೈಕು. ಬೆಳಗ್ಗೆ ಒಂದೇ ಕಿಕ್. ಹತ್ತು ಹನ್ನೆರಡು ಕಿಲೋಮೀಟರ್ ಓಡಿ ಬಿಸಿಯಾಯಿತೋ, ರೇಸ್ ಬಿಟ್ಟರೂ ಇಂಜಿನ್ ವೇಗ ಇಳಿಯುತ್ತಿರಲಿಲ್ಲ. ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ತಾನಾಗೇ ಏರಿಕೊಂಡು ಕಿರುಚೋದು, ಸುತ್ತ ಇದ್ದವರೆಲ್ಲ ನಾನೇ ಶೋಕಿ ಮಾಡ್ತಿದ್ದೀನಿ ಅಂತ ತಿರುಗಿ ನೋಡೋರು. ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬಿಳಿ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ.

ಮೊದಲ ಮೇಸ್ತ್ರಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಹೋಗಿದೆ ಅಂದ. ಹೊಸದು ಹಾಕಿಸಿದೆ, ಎರಡೂವರೆ ಸಾವಿರದ ಹತ್ತಿರ. ನಾಲ್ಕು ದಿನ ಚೆನ್ನಾಗಿತ್ತು, ಅಥವಾ ದುಡ್ಡು ಕೊಟ್ಟಿದ್ದಕ್ಕೆ ಹಾಗನ್ನಿಸಿತ್ತು. ಎರಡನೆಯವನು ಅದರೊಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಮೈನ್ ಜೆಟ್ ಎರಡು ನಂಬರ್ ದೊಡ್ಡದು ಹಾಕಿದ. ಪ್ಲಗ್ ಬಣ್ಣ ತಿರುಗಿತು, ಮೈಲೇಜ್ 28ಕ್ಕೆ ಬಿತ್ತು, ಐಡ್ಲಿಂಗ್, ಅಂದರೆ ನಿಂತಾಗಿನ ಇಂಜಿನ್ ಓಟ, ಮಾತ್ರ ಹಾಗೇ. ಆಮೇಲೆ ಏಪ್ರಿಲ್ ಬಿಸಿಲಲ್ಲಿ ಹಾಸನದಿಂದ ಅರಸೀಕೆರೆ ಕಡೆ ಹೋಗುವಾಗ ಪಿಸ್ಟನ್ ಜಾಮ್. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಸಿಲಿಂಡರ್ ಒಳಗೆ ಕೊರೆದು ಸರಿಮಾಡುವ ಬೋರಿಂಗು, ಪಿಸ್ಟನ್ ಕಿಟ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ಚಿಲ್ಲರೆ. ಸಾವಿರ ಕಿಲೋಮೀಟರ್ ತುಂಬುವ ಮೊದಲೇ ಮತ್ತೆ ಜಾಮ್, ಮತ್ತೆ ಬೋರು. ನಡುವೆ ಯಾರೋ ಹೇಳಿದರು ಅಂತ ಇಗ್ನಿಷನ್ ಕಾಯಿಲ್ ಬೇರೆ. ಒಂದೂವರೆ ವರ್ಷದಲ್ಲಿ ಹದಿಮೂರು ಹದಿನಾಲ್ಕು ಸಾವಿರ ಹೋಗಿರಬೇಕು. ಲೆಕ್ಕ ಬರೆದಿಟ್ಟಿಲ್ಲ. ಬರೆದಿಟ್ಟರೆ ಹೆಂಡತಿ ಓದುತ್ತಾಳೆ.

ಎಲ್ಲಿಂದಲೋ ಗಾಳಿ ಎಳೀತಿದೆ ಅಂತ ನನಗೆ ಅನುಮಾನ. ಕ್ರಾಂಕಿನ ಎರಡು ತುದಿಯಲ್ಲಿ ಗಾಳಿ ತಡೆಯುವ ರಬ್ಬರ್ ಉಂಗುರ, ಕ್ರಾಂಕ್ ಸೀಲ್, ಇರಬಹುದಾ ಅಂದರೆ ಮೇಸ್ತ್ರಿ, "ಸೀಲ್ ಹೋದ್ರೆ ಹೊಗೆ ಬರುತ್ತೆ ಸಾರ್" ಅಂತ ತಳ್ಳಿಹಾಕಿದ. ಕ್ಲಚ್ ಕಡೆ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಬರುತ್ತೆ, ಸರಿ. ಇನ್ನೊಂದು ತುದಿ, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ ಆಯಿಲ್ಲೇ ಇಲ್ಲವಲ್ಲ, ಎಲ್ಲಿಂದ ಹೊಗೆ? ವಾದ ಮಾಡಿದೆ. ನಕ್ಕರು.

ಸೋರಿಕೆ ಹಿಡಿಯಲು ಇಂಜಿನ್ ಎಲ್ಲ ಕಡೆ ಮುಚ್ಚಿ ಆರು ಪಿಎಸ್‌ಐ (ಟೈರಿನ ಗಾಳಿ ಒತ್ತಡ ಅಳೆಯುವ ಲೆಕ್ಕ) ಗಾಳಿ ತುಂಬಿ ನಿಲ್ಲುತ್ತಾ ನೋಡಬೇಕು, ಅಷ್ಟೇ. ಪಂಚರ್ ಅಂಗಡಿಯ ಮೀಟರಿನಲ್ಲಿ ಆರು ಪಿಎಸ್‌ಐಗೆ ಮುಳ್ಳು ಅಲ್ಲಾಡುವುದೂ ಇಲ್ಲ. ಅಮ್ಮನ ಹಳೇ ಡಯಲ್ ಬಿಪಿ ಮೀಟರ್ ಅಟ್ಟದ ಮೇಲಿತ್ತು, 300ರವರೆಗೆ ಗುರುತು. 300 ಅಂದರೆ ಹತ್ತಿರ ಹತ್ತಿರ ಆರು ಪಿಎಸ್‌ಐ. ಪಂಪೂ ಜೊತೆಗೇ ಇದೆ! ತೋಳಿಗೆ ಕಟ್ಟುವ ಪಟ್ಟಿ ಕಿತ್ತು, ಮೀಟರಿನ ಕೊಳವೆಯನ್ನು ಪ್ಲಗ್ ಜಾಗಕ್ಕೆ ಸೇರಿಸಲು ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು, ಲೇತ್ ಅಂಗಡಿಯಲ್ಲಿ ಅದಕ್ಕೊಂದು ಹಿತ್ತಾಳೆ ನಿಪ್ಪಲ್ ಬ್ರೇಜಿಂಗ್ ಮಾಡಿಸಿದೆ. 80 ರೂಪಾಯಿ.

ಮೊದಲ ಸಲ ಇಂಜಿನ್ನಿನಲ್ಲಿ ಸೈಲೆನ್ಸರ್ ಕೂರುವ ತೂತಿಗೆ ಮರದ ಬಿರಡೆ ಬಡಿದಿದ್ದೆ. 180 ದಾಟುತ್ತಿದ್ದಂತೆ ಪಟ್ ಅಂತ ಹಾರಿ ಪಕ್ಕದ ಮನೆ ಕಾಂಪೌಂಡಿಗೆ ಹೋಯಿತು. ಎರಡನೇ ಸಲ ಲಾರಿ ಟ್ಯೂಬಿನ ರಬ್ಬರು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಸೈಲೆನ್ಸರಿನ ಬೋಲ್ಟುಗಳಲ್ಲೇ ಬಿಗಿದೆ. ಕಾರ್ಬೊರೇಟರ್ ಕಡೆಯ ರಬ್ಬರಿಗೆ ಮರದ ತುಂಡು ತುರುಕಿ ಕ್ಲಿಪ್. ಪಿಸ್ಟನ್ ಪೂರ್ತಿ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿ ಕ್ರಾಂಕ್ ಕಡೆಗೆ ಇಳಿಯುವುದಿಲ್ಲ. ನಾನು ಅರ್ಧ ದಿನ ಕಳೆದದ್ದು ಅಲ್ಲೇ.

300ಕ್ಕೆ ತುಂಬಿದರೆ ಇಪ್ಪತ್ತೇ ಸೆಕೆಂಡಿನಲ್ಲಿ ನೂರಕ್ಕೆ ಬಂತು. ಸೋಪಿನ ನೀರು ಹಚ್ಚಿದೆ. ಮ್ಯಾಗ್ನೆಟ್ ಹಿಂದಿನಿಂದ ಚಿತ್ರಾನ್ನದ ಒಗ್ಗರಣೆ ಹಾಗೆ ಚುಯ್ಯ್ ಅಂತ ನೊರೆ. ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದೆ, ಸೀಲ್ ಕಿತ್ತೆ. ರಬ್ಬರು ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿ. ಈ ಕಡೆಯ ಸೀಲಿಗೆ ಇಂಜಿನ್ ಕೇಸ್ ಬಿಚ್ಚಬೇಕಿಲ್ಲ, ಹೊರಗಿನಿಂದಲೇ ಕೀಳಬಹುದು. ಹೊಸ ಸೀಲಿಗೆ ನೂರೈವತ್ತೋ ನೂರ ಎಪ್ಪತ್ತೋ ಕೊಟ್ಟೆ. ಅದನ್ನು ಒಳಗಿನ ಅಂಚು ಮಡಚದಂತೆ ನೇರ ಕೂರಿಸಲು ಅಡುಗೆಮನೆಯ ಒಂದು ಸಾಮಾನು ಬಳಸಿದೆ. ಯಾವುದು ಅಂತ ಹೇಳಲ್ಲ, ಇನ್ನೂ ಅದರಲ್ಲೇ ಕಾಫಿ ಆಗುತ್ತಿದೆ.

ಮತ್ತೆ ತುಂಬಿದರೆ ಐದು ನಿಮಿಷಕ್ಕೆ ಐವತ್ತು ಇಳಿಯಿತು. ಸಿಲಿಂಡರ್ ಬುಡದಲ್ಲಿ ಸಣ್ಣ ಗುಳ್ಳೆ. ಎರಡು ಸಲ ಬೋರ್ ಮಾಡಿದವರು, ಸಂದಿಯಲ್ಲಿ ಸೋರದಂತೆ ಹಾಕುವ ಗ್ಯಾಸ್ಕೆಟ್ ಹಳೆಯದನ್ನೇ ಕೂರಿಸಿದ್ದರು! ಅದನ್ನೂ ಬದಲಾಯಿಸಿದ ಮೇಲೆ ಮುಳ್ಳು ಹೆಚ್ಚುಕಮ್ಮಿ ನಿಂತೇಬಿಟ್ಟಿತು. 300 ಮೀರಿ ಮಾತ್ರ ಒತ್ತಬೇಡಿ, ಒಳ್ಳೇ ಸೀಲೂ ಜಾಗ ಬಿಟ್ಟೀತು.

ಗಾಡಿ ಬಿಚ್ಚಿದ್ದೇ ಬಿಚ್ಚಿದ್ದು, ಸೈಲೆನ್ಸರ್ ಕೊಳವೆಯನ್ನೂ ತೆಗೆದು ಕಾಸ್ಟಿಕ್ ಸೋಡಾ ಬಕೆಟ್ಟಿನಲ್ಲಿ ನೆನೆಹಾಕಿದೆ. ಕರಿ ಚೆನ್ನಾಗಿಯೇ ಬಿಟ್ಟಿತು. ಜಿಡ್ಡು ಹೋಗಲಿ ಅಂತ ಆ ಅಲ್ಯೂಮಿನಿಯಂ ತಗಡನ್ನೂ ಅದರಲ್ಲೇ ಹಾಕಿದ್ದೆ. ಬುಸುಬುಸು ನೊರೆ ಬಂದು ಬೆಳಗ್ಗೆ ನೋಡಿದರೆ ತಗಡು ಹಪ್ಪಳ. ಹೊಸದು ಕಬ್ಬಿಣದಲ್ಲಿ ಮಾಡಿಸಿದೆ. ಗೆಳೆಯನೊಬ್ಬನ ಮೈಸೂರು ಯೆಜ್ಡಿಗೂ ಇದೇ ಪರೀಕ್ಷೆ ಮಾಡಿದೆವು. ಅದಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ತೂತು ಎರಡು, ತಗಡೂ ಎರಡು ಬೇಕು. ಅವನದು ಕ್ಲಚ್ ಕಡೆ ಸೀಲ್ ಹೋಗಿತ್ತು. ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಕಟ್ಟಿದರೆ ಅದು ಬಲೂನಿನ ಹಾಗೆ ಉಬ್ಬಿತು.

ನನ್ನ ಗಾಡಿಗೆ ಹಳೇ ಜೆಟ್ಟನ್ನೇ ವಾಪಸ್ ಹಾಕಿ ಈಗ ಮೂರು ಸಾವಿರ ಕಿಲೋಮೀಟರ್ ಮೇಲಾಯಿತು. ಮೈಲೇಜ್ 42ರಿಂದ 45, ಪ್ಲಗ್ ಕಾಫಿಪುಡಿ ಬಣ್ಣ. ಶಿರಾಡಿ ಘಾಟಿ ಇಳಿದು ಹತ್ತಿ ಬಂದೆ, ಗುಂಡ್ಯದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಐಡ್ಲಿಂಗ್ ಅಲುಗಾಡಲಿಲ್ಲ.

ಅಮ್ಮನಿಗೆ ಡಿಜಿಟಲ್ ಮೀಟರ್ ಕೊಡಿಸಿದ್ದೇನೆ, 1,400. ಅದನ್ನೂ ಗಾಡಿ ಲೆಕ್ಕಕ್ಕೇ ಬರೆಯಬೇಕು ಅಂತ ಹೆಂಡತಿಯ ವಾದ.