ಲಂಘನ, ಗಂಜಿ ಮತ್ತು ನಮ್ಮತ್ತೆ

ನಮ್ಮತ್ತೆ ಹತ್ತಿರ ಕಾಯಿಲೆಗೊಂದು ಗಾದೆ ಇದೆ. ಜ್ವರ ಅಂದರೆ ‘ಲಂಘನಂ ಪರಮೌಷಧಂ’, ಒಲೆ ಕಡೆ ಹೋಗಬೇಡಿ. ನೆಗಡಿ ಅಂದರೆ ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಅಂತ ಗೊಣಗಿಕೊಂಡೇ ನಾಟಿಕೋಳಿ ಸಾರಿಗೆ ಮೆಣಸು ಅರೆಯುತ್ತಾರೆ. ನೆಗಡಿಗೆ ಉಣಿಸು, ಜ್ವರಕ್ಕೆ ಉಪವಾಸ ಹಾಕು ಅಂತ ಇಂಗ್ಲಿಷಿನಲ್ಲೂ ಒಂದು ಗಾದೆ ಇದೆಯಂತೆ. ಅತ್ತೆಗೆ ಹೇಳಿದರೆ, ‘ನಮ್ಮಿಂದ ಕಲಿತವ್ರೆ’ ಅಂದರು.

ಮದುವೆಯಾಗಿ ಮಂಡ್ಯಕ್ಕೆ ಬಂದ ಹೊಸದರಲ್ಲಿ ನಾನು ಈ ಗಾದೆಗಳನ್ನೆಲ್ಲ ಹಾಗೇ ನಂಬಿದ್ದೆ. ನಂಬಿ ಒಂದು ಸಲ ಎಡವಿದೆ ಕೂಡ.

ಮಗನಿಗೆ ಆಗ 6 ವರ್ಷ. ಮಳೆ ಶುರುವಾದ ವಾರವೇ ಜ್ವರ, 102 ಡಿಗ್ರಿ. ಲಂಘನ ಅಂದರಲ್ಲ, ಊಟ ನಿಲ್ಲಿಸಿದೆ. ಅವನು ನೀರು ಕೇಳಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಮಾರನೇ ದಿನ ಸಂಜೆ ಹೊತ್ತಿಗೆ ತುಟಿ ಒಡೆದಿತ್ತು. ಬೆಳಿಗ್ಗೆಯಿಂದ ಉಚ್ಚೆ ಹೊಯ್ದದ್ದು ಒಂದೇ ಸಲ, ಅದೂ ಕಡು ಹಳದಿ. ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ‘ಊಟ ಎರಡು ಹೊತ್ತು ಬಿಟ್ಟರೆ ಏನೂ ಆಗಲ್ಲ, ನೀರು ಯಾಕಮ್ಮ ಬಿಡಿಸಿದ್ರಿ?’ ಅಂದರು ಡಾಕ್ಟರು. ಜ್ವರ ಏರಿದಷ್ಟೂ ಮೈ ಜಾಸ್ತಿ ಸುಡುತ್ತೆ, ಬೆವರಲ್ಲಿ, ಉಸಿರಲ್ಲಿ ನೀರು ಹೋಗ್ತಾನೇ ಇರುತ್ತೆ ಅಂತ ಬಿಡಿಸಿ ಹೇಳಿದರು. ಆಮೇಲೆ ನೋಡಿದರೆ ಆಯುರ್ವೇದದಲ್ಲೂ ಜ್ವರಕ್ಕೆ ಬರೀ ಉಪವಾಸ ಇಲ್ಲ. ಬಿಸಿನೀರಿದೆ, ಲಂಘನ ಆದ ಮೇಲೆ ಪೇಯ ಅಂದರೆ ತೆಳು ಗಂಜಿ ಇದೆ. ನಮ್ಮನೆಗೆ ಬಂದದ್ದು ಗಾದೆಯ ಅರ್ಧ ಮಾತ್ರ.

ಅವತ್ತಿನಿಂದ ನನ್ನದೊಂದು ಕ್ರಮ. ಜ್ವರ ಬಂದವರ ತಲೆದಸೆಯಲ್ಲಿ ಒಂದು ಲೀಟರ್ ಬಾಟಲಿ, ಪಕ್ಕದಲ್ಲಿ ಚಿಕ್ಕ ಲೋಟ. ಕಾಲು ಗಂಟೆಗೊಮ್ಮೆ ಎರಡು ಗುಟುಕು. ವಾಂತಿ ಭೇದಿ ಇದ್ದರೆ ಓಆರ್‌ಎಸ್ ಪೊಟ್ಟಣ. ಪೊಟ್ಟಣ ಸಿಗದ ರಾತ್ರಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ತಟ್ಟಿ ಅಳೀಬೇಕು. ಉಪ್ಪು ಜಾಸ್ತಿಯಾದರೆ ತೊಂದರೆ. ಮದ್ದೂರು ಕಡೆಯ ಎಳನೀರು ನಮಗೇನು ದೂರವಲ್ಲ, ಅದೂ ಇರುತ್ತದೆ.

ಗಂಜಿ ಮಾತ್ರ ನನ್ನ ಕೈದೇ ಆಗಬೇಕು. ಒಂದು ಹಿಡಿ ನುಚ್ಚಕ್ಕಿಯನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಹುರಿಯುತ್ತೇನೆ. ಬಣ್ಣ ಕೆಂಪಗಾಗಬಾರದು, ಘಮ್ ಅಂದರೆ ಸಾಕು. 6 ಲೋಟ ನೀರು, ಚಿಟಿಕೆ ಜೀರಿಗೆ, ಸಣ್ಣ ಉರಿ. ಸೌಟು ಎತ್ತಿದರೆ ದಾರದ ಹಾಗೆ ಇಳಿಯಬೇಕು. ತಟ್ಟೆಗೆ ಹಾಕುವುದಿಲ್ಲ, ಲೋಟಕ್ಕೇ. ಬಾಯೆಲ್ಲ ಕಹಿ ಅನ್ನುವವರಿಗೆ ನಿಂಬೆ ಉಪ್ಪಿನಕಾಯಿಯ ರಸ ಬೆರಳ ತುದಿಯಷ್ಟು. ಆ ಬೆರಳು ನೆಕ್ಕಿದ ಮೇಲೇ ಮಗ ಲೋಟ ಮುಟ್ಟುವುದು.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಅನ್ನುವ ಗಾದೆಯಂತೂ ನಮ್ಮನೆಯಲ್ಲಿ ಒಂದು ದಿನವೂ ನಿಜವಾಗಿಲ್ಲ. ಜ್ವರ ಬಿಟ್ಟ ಕೂಡಲೇ ಇವನು ಬಯಸುವುದು ಮೊಸರನ್ನ. ಶೀತ ಆಗುತ್ತೆ ಅಂತ ಅತ್ತೆ ಮೊಸರು ಬಚ್ಚಿಡುವುದು, ನಾನು ಹುಡುಕಿ ತೆಗೆಯುವುದು ನಡೆದೇ ಇದೆ.

ಒಬ್ಬರ ವಿಷಯದಲ್ಲಿ ಮಾತ್ರ ನಾನು ಲಂಘನದ ಮಾತೇ ಎತ್ತಲು ಬಿಡುವುದಿಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ದಿಢೀರ್ ಇಳಿಯುತ್ತದೆ, ಕೈ ನಡುಗಿ ತಲೆ ಸುತ್ತುತ್ತದೆ. ಅವರಿಗೆ ಜ್ವರ ಬಂದರೆ ಮೊದಲು ಡಾಕ್ಟರಿಗೆ ಫೋನು, ಆಮೇಲೆ ಗಾದೆ.

ಕಳೆದ ತಿಂಗಳು ಅತ್ತೆಯೇ ಮಲಗಿದರು. ಮೊದಲ ದಿನ ಬರೀ ಬಿಸಿನೀರು, ಎರಡನೇ ದಿನ ಮುಖ ಕಿವುಚಿಕೊಂಡು ಗಂಜಿ. ಮೂರನೇ ದಿನ ಬೆಳಿಗ್ಗೆ ಮೈ ತಣ್ಣಗಿತ್ತು. ನಾನು ನುಚ್ಚು ಹುರಿಯೋಕೆ ಬಾಣಲೆ ಇಟ್ಟರೆ ಒಳಗಿನಿಂದ ಕೂಗು: ‘ಹಿಟ್ಟಿಗೆ ಎಸರಿಡು, ಬಸ್ಸಾರು ಮಾಡು.’

‘ಲಂಘನ ಅತ್ತೆ?’ ಅಂದೆ.

‘ಅದು ನೆನ್ನೆಗೇ ಮುಗೀತು ಕಣವ್ವ.’